ದೊಡ್ಡಮ್ಮನ ಜೊತೆ ಸದನ ನೋಡಿದ್ದು

ಸಾನಮಾವು ಕಾಡಿನಂಚಿನ ನಮ್ಮೂರಿಗೆ ಆನೆ ಬರುವುದು ಹೊಸದೇನಲ್ಲ. ಆದರೆ ಆ ವರ್ಷ ರಾಗಿ ತೆನೆ ಬಲಿಯುವ ಹೊತ್ತಿಗೆ ಹಿಂಡು ದೊಡ್ಡಮ್ಮನ ಹೊಲಕ್ಕೆ ನುಗ್ಗಿ ಒಂದು ಕಡ್ಡಿಯನ್ನೂ ನೆಟ್ಟಗೆ ಬಿಡಲಿಲ್ಲ. ಕಾಡಿಗೂ ಹೊಲಕ್ಕೂ ನಡುವೆ ಗಟ್ಟಿ ಬೇಲಿ ಬೇಕೆಂದು ಊರವರೆಲ್ಲ ಶಾಸಕನ ಮನೆಗೆ ಹೋದೆವು. ಓಟು ಕೇಳುವಾಗ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಕೈ ಮುಗಿದಿದ್ದ ಮನುಷ್ಯ. ಆವತ್ತೂ ನಕ್ಕ.

"ಸಭೇಲಿ ಎತ್ತೇ ಎತ್ತೀನಿ. ಬೇಕಾದ್ರೆ ಗ್ಯಾಲರೀಲಿ ಕೂತು ನೀವೇ ನೋಡಿ," ಅಂದ. ಪಾಸನ್ನೂ ಕೊಡಿಸಿದ. ಹಾಗೆ ಎಷ್ಟು ಜನಕ್ಕೆ ಕೊಡಿಸಿದ್ದನೋ, ಆಮೇಲೆ ನಮ್ಮನ್ನು ಮರೆತೇಬಿಟ್ಟಿರಬೇಕು.

ನಾನು ಫ್ಯಾಕ್ಟರಿಗೆ ರಜೆ ಹಾಕಿ ದೊಡ್ಡಮ್ಮನನ್ನು ವಿಧಾನಸಭೆ ನೋಡಲು ಚೆನ್ನೈಗೆ ಕರಕೊಂಡು ಹೋದೆ. ಜಮೀನ್ದಾರಿಕೆ ಹೋದದ್ದು ಆ ಸದನದ ಕಾನೂನಿನಿಂದಲೇ ಎಂದು ಶಾಲೆಯಲ್ಲಿ ಓದಿದ್ದೆ. ಬಸ್ಸಿನಲ್ಲಿ ಅದನ್ನೇ ಹೇಳಿದೆ. ನಾಲ್ಕು ಭಾಷೆಯವರು ಒಟ್ಟಿಗೆ ಕೂತು ಜಗಳಾಡುತ್ತಿದ್ದ ಸಭೆ ಅದು, ಆಮೇಲೆ ರಾಜ್ಯಗಳು ಬೇರೆಯಾದವು, ಕನ್ನಡದವರಾದ ನಾವು ತಮಿಳು ರಾಜ್ಯದ ಈ ಕಡೆ ಉಳಿದೆವು ಅಂದೆ. ಅವಳು ದೇವಸ್ಥಾನಕ್ಕೆ ಹೊರಟವಳಂತೆ ಮಡಿ ಸೀರೆ ಉಟ್ಟು, ಭಕ್ತಿಯಿಂದ ಕೇಳುತ್ತಿದ್ದಳು.

ಬಾಗಿಲಲ್ಲಿ ಅವಳ ಎಲೆಅಡಿಕೆ ಚೀಲ ಕಿತ್ತಿಟ್ಟುಕೊಂಡರು. ಮೇಲೆ ಕೂತು ನೋಡಿದರೆ ಅರ್ಧ ಕುರ್ಚಿ ಖಾಲಿ. ಇದ್ದವರಲ್ಲಿ ಒಬ್ಬ ತೂಕಡಿಸುತ್ತಿದ್ದ, ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದ. ಮಂತ್ರಿ ಒಂದು ಮಸೂದೆಯ ಹೆಸರು ಓದಿದ. ಸಭಾಧ್ಯಕ್ಷ ಒಪ್ಪುವವರು ಯಾರು ಎಂದು ಕೇಳಿದ. ಕೆಳಗಿನಿಂದ ಗುಂಯ್ ಎಂದು ಒಂದು ಸದ್ದು ಬಂತು.

"ಏನಾಯ್ತಲಾ?"

"ಕಾನೂನಾಯ್ತು ದೊಡ್ಡಮ್ಮ."

"ಇಷ್ಟೇನಾ? ಒಂದು ಎಮ್ಮೆ ಕೊಳ್ಳೋಕೂ ನಾವು ಇದಕ್ಕಿಂತ ಜಾಸ್ತಿ ಮಾತಾಡ್ತೀವಿ ಕಣ್ಲಾ!"

ಕಾವಲಿನವನು ಗದರಿದ. ಅಷ್ಟರಲ್ಲಿ ನಮ್ಮ ಶಾಸಕ ಎದ್ದ. ದೊಡ್ಡಮ್ಮ ಮುಂದಕ್ಕೆ ಬಗ್ಗಿದಳು. ಅವನು ತನ್ನ ನಾಯಕನನ್ನು ಸೂರ್ಯ ಎಂದ, ಮಳೆ ಎಂದ, ಬಡವರ ತಾಯಿ ಎಂದ. ಸುತ್ತಲಿನವರು ಮೇಜು ಕುಟ್ಟಿದರು. ಸಮಯ ಮುಗಿಯಿತೆಂದು ಸಭಾಧ್ಯಕ್ಷ ಗಂಟೆ ಬಾರಿಸಿದರೂ ಇವನು ಇನ್ನೂ ಹೊಗಳಿದ, ಬೆವರೊರೆಸಿಕೊಂಡು ಕೂತ. ಆನೆ ಎಂಬ ಪದವೇ ಅವನ ಬಾಯಲ್ಲಿ ಬರಲಿಲ್ಲ. ವಿರೋಧ ಪಕ್ಷದವರು ಇನ್ಯಾವುದಕ್ಕೋ ಕೂಗಾಡಿ ಹೊರನಡೆದರು. ನಾವು ಇಳಿದು ಬಂದಾಗ ಅವರೇ ವರಾಂಡದಲ್ಲಿ ಟೀ ಕುಡಿಯುತ್ತ ಹರಟುತ್ತಿದ್ದರು.

ಊರಿಗೆ ಬಂದ ಸ್ವಲ್ಪ ದಿನಕ್ಕೆ ಗೋಡೆಗೋಡೆಗೂ ಪೋಸ್ಟರು: ಆನೆ ಹಾವಳಿ ಕುರಿತು ಸದನದಲ್ಲಿ ಗರ್ಜಿಸಿದ ಧೀರನಿಗೆ ಸನ್ಮಾನ. ನೊಂದ ರೈತರ ಪರವಾಗಿ ಹಾರ ಹಾಕಲು ದೊಡ್ಡಮ್ಮನನ್ನೇ ಕರೆದರು. ಅವಳು ವೇದಿಕೆ ಹತ್ತಿದಳು. ಮೈಕು ಹತ್ತಿರವೇ ಇತ್ತು.

"ಅವತ್ತು ನಾವು ಮ್ಯಾಲೆ ಕೂತಿದ್ವಿ ಕಣಪ್ಪ. ಆನೆ ಸುದ್ದೀನೇ ಎತ್ತಲಿಲ್ವಲ್ಲ?"

ಅವನ ನಗು ಹಾಗೇ ಹೆಪ್ಪುಗಟ್ಟಿತು. "ಟೈಮ್ ಕೊಡ್ಲಿಲ್ಲಮ್ಮ."

"ಕೊಟ್ರು. ನೀನು ಪೂರ್ತಿ ಭಜನೆ ಮಾಡ್ಬುಟ್ಟೆ."

ಜನ ಹೋ ಎಂದು ನಕ್ಕರು. ಹಿಂಬಾಲಕನೊಬ್ಬ ಮೈಕು ಕಸಿದುಕೊಂಡ, ಇನ್ನೊಬ್ಬ ಜೋರಾಗಿ ಹಾಡು ಹಾಕಿಸಿದ. ದೊಡ್ಡಮ್ಮ ಹಾರವನ್ನು ಖಾಲಿ ಕುರ್ಚಿಯ ಮೇಲಿಟ್ಟು ಇಳಿದು ಬಂದಳು. ಬೇರೆ ಯಾರೋ ಅದನ್ನೆತ್ತಿ ಅವನ ಕೊರಳಿಗೆ ಹಾಕಿದರು. ನಕ್ಕಿದ್ದ ಜನವೇ ಚಪ್ಪಾಳೆ ತಟ್ಟಿ, ಬಿರಿಯಾನಿ ಪೊಟ್ಟಣಕ್ಕೆ ಸಾಲು ನಿಂತಿತು. ಮುಂದಿನ ಚುನಾವಣೆಯಲ್ಲಿ ಅವನೇ ಗೆದ್ದ.

ಬೇಲಿ ಬಂದಿಲ್ಲ. ದೊಡ್ಡಮ್ಮ ರಾಗಿ ಬಿಟ್ಟು ಮೆಣಸಿನಕಾಯಿ ಹಾಕಿದ್ದಾಳೆ. ಆನೆ ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತದೆ.