ಕಾಂಡ್ಲಾ ಎಲೆಯ ಕಷಾಯ

ಅಕ್ಕ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ್ದಾಳೆ ಎಂದು ನನಗೆ ಗೊತ್ತಾದದ್ದು ಅವಳ ಅಡುಗೆಮನೆಯ ವಾಸನೆಯಿಂದ. ದೆಹಲಿಯ ಆ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಕುಕ್ಕರಿನ ಪಕ್ಕದ ಒಲೆಯ ಮೇಲೆ ಏನೋ ಕಪ್ಪಗೆ ಕುದಿಯುತ್ತಿತ್ತು. ನೋಯ್ಡಾದ ನಮ್ಮ ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿ ವಾರವಿಡೀ ನನ್ನ ಮೂಗಿಗೆ ಬಡಿಯುತ್ತಿದ್ದ ವಾಸನೆ ಅದು.

"ಇದೇನೇ ಅಕ್ಕ?"

"ಕಾಂಡ್ಲಾ ಎಲೆ. ಮೈದುನ ಊರಿಂದ ಪಾರ್ಸೆಲ್ ಮಾಡಿದ್ದಾನೆ. ಕ್ಯಾನ್ಸರಿಗೆ ಆಗತ್ತಂತಲ್ಲೇ, ನಿಮ್ಮ ಲ್ಯಾಬಿನವರೇ ಹೇಳಿದ್ದಂತೆ."

ಆಗತ್ತಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮುಖ್ಯಸ್ಥರಿಗೆ ಪೇಪರಿನಲ್ಲಿ ಫೋಟೋ ಬರಬೇಕೆಂಬ ಹುಚ್ಚು. ಹೋದ ತಿಂಗಳು ಯಾರೋ ವರದಿಗಾರನ ಮುಂದೆ ಬಾಯಿಗೆ ಬಂದಂತೆ ಮಾತಾಡಿದ್ದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಭಾವ ಪೇಪರಿನಲ್ಲಿ ಬಂದ ಆ ಸುದ್ದಿಯ ತುಣುಕನ್ನು ಕತ್ತರಿಸಿ ತಂದು ಫ್ರಿಜ್ಜಿಗೆ ಅಂಟಿಸಿದ್ದ. ಔಷಧಿ ಸಿದ್ಧವಾಗಿದೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಇಲ್ಲ ಎಂದೂ ಇರಲಿಲ್ಲ.

ನಾವು ಕುಮಟಾ ಕಡೆಯವರು. ಹೊಳೆ ಸಮುದ್ರ ಸೇರುವಲ್ಲಿ ಕೆಸರಿನಿಂದ ಬೇರು ಮೇಲೆತ್ತಿಕೊಂಡು ನಿಲ್ಲುವ ಗಿಡಗಳನ್ನು ಕಾಂಡ್ಲಾ ಅನ್ನುತ್ತೇವೆ. ಉಪ್ಪುನೀರಿನಲ್ಲಿ ಬದುಕಬೇಕಾದ ಗಿಡ, ತನ್ನನ್ನು ಕಾಪಾಡಿಕೊಳ್ಳಲು ಏನೇನೋ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಅವುಗಳಲ್ಲಿ ಮನುಷ್ಯನಿಗೆ ಏನಾದರೂ ಉಪಯೋಗವಿದೆಯೇ ಎಂದು ಹುಡುಕುವುದು ನನ್ನ ಕೆಲಸ. ಮೂಟೆಗಟ್ಟಲೆ ಒಣ ಎಲೆ ಬರುತ್ತಿತ್ತು. ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ, ಬಂದ ಅಂಟಿನಂಥ ಸಾರವನ್ನು ಬೇರೆ ಬೇರೆ ಮಾಡಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕುತ್ತಿದ್ದೆವು. ಒಂದು ಜಾತಿಯ ಎಲೆಯ ಅಂಟಿಗೆ ಆ ಕೋಶಗಳು ನಿಜವಾಗಿಯೂ ಸತ್ತವು. ಅಂದು ನಾವೆಲ್ಲ ಸಮೋಸ ತರಿಸಿ ತಿಂದಿದ್ದೆವು.

"ನಿನ್ನ ಇಂಜೆಕ್ಷನ್?" ಎಂದು ಕೇಳಿದೆ.

"ಆ ಇಂಜೆಕ್ಷನ್ ತಗೊಂಡ್ರೆ ವಾರ ಇಡೀ ವಾಂತಿ ಕಣೇ. ಇದು ಬರೀ ಒಗರು. ನೋಡು, ನಿನ್ನೆ ಎರಡು ದೋಸೆ ತಿಂದೆ!"

ಮೊಲೆಯ ಗೆಡ್ಡೆ ಕರಗುತ್ತಿದೆ, ಈಗ ನಡುವೆ ಬಿಡಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ನಾನು ಕೂಗಾಡಿದೆ. ನಿಮಗಿಬ್ಬರಿಗೂ ತಲೆ ಕೆಟ್ಟಿದೆಯಾ ಎಂದೆ. ಯಾವ ಜಾತಿಯ ಕಾಂಡ್ಲಾ ಎಂದೇ ಗೊತ್ತಿಲ್ಲದೆ ಕುದಿಸಿ ಕುಡಿಯುತ್ತಿದ್ದೀರಿ, ಅದರಲ್ಲಿ ಏನೂ ಇಲ್ಲದಿದ್ದರೆ ಬರೀ ಒಗರು ನೀರು, ಇದ್ದರೆ ವಿಷ ಎಂದೆ. ಭಾವ ಟೀವಿ ಆರಿಸಿ ಎದ್ದು ನಿಂತ.

"ಅಚ್ಛಾ, ಊರಿನ ಎಲೆ ನಿಮ್ಮ ಕಂಪನಿಯವರು ಮಾರಿದ್ರೆ ಮದ್ದು, ನಾವು ಕುದಿಸಿದ್ರೆ ವಿಷ. ಹೌದಾ?"

ಬಾಯಲ್ಲಿ ಹೇಳಿದರೆ ಕೇಳುವ ಜನ ಅವರಲ್ಲ. ಕಣ್ಣಿಂದ ನೋಡಲಿ ಎಂದು ಮುಂದಿನ ಶನಿವಾರ ಅಕ್ಕನನ್ನು ಆಟೋದಲ್ಲಿ ನೋಯ್ಡಾಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಖುಷಿಯಾಗಿದ್ದಳು. ಕೂದಲುದುರಿದ ತಲೆಗೆ ಹೊಸ ಸ್ಕಾರ್ಫ್ ಕಟ್ಟಿಕೊಂಡಿದ್ದಳು. "ಭಯ್ಯಾ, ಧೀರೇ ಚಲೋ" ಎಂದು ಜೋರಾಗಿ ಓಡಿಸುತ್ತಿದ್ದ ಆಟೋದವನನ್ನು ಗದರಿಸಿ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದಳು.

ಬಿಳಿ ಕೋಟು ಹಾಕಿಸಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಮೊದಲು ಬದುಕಿರುವ ಕ್ಯಾನ್ಸರ್ ಕೋಶಗಳನ್ನು ತೋರಿಸಿದೆ, ತಳಕ್ಕೆ ಅಂಟಿ ಹರಡಿಕೊಂಡಿದ್ದವು. ಆಮೇಲೆ ಎಲೆಯ ಅಂಟು ಹಾಕಿದ್ದ ತಟ್ಟೆ. ಅದರಲ್ಲಿ ಕೋಶಗಳು ಉರುಟಾಗಿ, ತಳ ಬಿಟ್ಟು ತೇಲುತ್ತಿದ್ದವು.

"ಅಯ್ಯೋ, ಸಬ್ಬಕ್ಕಿ ಪಾಯಸದ ಹಾಗೆ ಕಾಣತ್ತಲ್ಲೇ! ಇವೆಲ್ಲ ಸತ್ತವಾ?"

"ಸತ್ತವು."

"ನನ್ನದೂ ಹೀಗೇ..." ಎಂದವಳು ಕಣ್ಣು ತೆಗೆಯಲೇ ಇಲ್ಲ. ಅಷ್ಟು ಆಸೆಯಿಂದ ಅವಳು ಏನನ್ನಾದರೂ ನೋಡಿದ್ದು ನಾನು ಕಂಡಿರಲಿಲ್ಲ.

ನಾನು ಮೂರನೆಯ ತಟ್ಟೆ ಇಟ್ಟೆ. ಅದರಲ್ಲೂ ಅದೇ ಉರುಟು, ಅದೇ ತೇಲಾಟ. "ಇವೂ ಸತ್ತವೇ," ಎಂದಳು.

"ಇವು ಕ್ಯಾನ್ಸರಿನವಲ್ಲ ಅಕ್ಕ. ಆರೋಗ್ಯವಾಗಿರೋ ಕೋಶಗಳು. ಇವಕ್ಕೂ ಅದೇ ಅಂಟು ಹಾಕಿದ್ದು."

ಅವಳು ಅಳುತ್ತಾಳೆ, ಇಲ್ಲವೇ ಜಗಳ ಆಡುತ್ತಾಳೆ ಎಂದುಕೊಂಡಿದ್ದೆ. ಅವಳು ನಿಧಾನವಾಗಿ ತಲೆಯೆತ್ತಿ ಕೇಳಿದಳು, "ಯಾವುದು ಮೊದಲು ಸಾಯೋದು?"

ಊರಿನ ಶಾಲೆ ಮುಗಿಸಿ ಮದುವೆಯಾದವಳು. ಆದರೆ ನಮ್ಮ ಇಡೀ ವಿದ್ಯೆ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ. ಕೆಟ್ಟದ್ದು ಮೊದಲು ಸತ್ತರೆ ಅದು ಮದ್ದು, ಇಲ್ಲದಿದ್ದರೆ ವಿಷ. ಅವಳಿಗೆ ಆ ಎರಡು ಸಾವುಗಳ ನಡುವಿನ ಚೂರು ಜಾಗ ಸಾಕಾಗಿತ್ತು. ಅಲ್ಲಿ ನುಸುಳಿಕೊಂಡು ಬದುಕಲು ತಯಾರಾಗಿದ್ದಳು.

"ಒಳ್ಳೇವು," ಎಂದೆ. "ಒಳ್ಳೇವೇ ಮೊದಲು."

ಅವಳು "ಹೂಂ" ಎಂದಳು. ಕೋಟು ಬಿಚ್ಚಿ ಮಡಿಸಿ ಕೊಟ್ಟಳು. ಮನೆಗೆ ಹೋದವಳೇ ಪಾತ್ರೆಯಲ್ಲಿದ್ದ ಕಷಾಯವನ್ನು ಸಿಂಕಿಗೆ ಸುರಿದು, ಸೋಮವಾರ ಆಸ್ಪತ್ರೆಯ ಸಾಲಿನಲ್ಲಿ ನಿಂತಳು. ನಾನು ಗೆದ್ದೆ ಎಂದುಕೊಂಡೆ.

ಇಂಜೆಕ್ಷನ್ ಬಿಟ್ಟಿದ್ದ ಆ ಅವಧಿಯಲ್ಲಿ ಕಾಯಿಲೆ ಲಿವರಿಗೆ ಹಬ್ಬಿಬಿಟ್ಟಿತ್ತು. ಮತ್ತೆ ಇಂಜೆಕ್ಷನ್, ಮತ್ತೆ ವಾಂತಿ. ಬಾಯಿ ಹುಣ್ಣಾಗಿ ನೀರು ನುಂಗಲೂ ಅವಳು ಹೆದರುತ್ತಿದ್ದಳು. ನಾನು ರಜೆ ಹಾಕಿ ಪಕ್ಕದಲ್ಲೇ ಕೂತಿರುತ್ತಿದ್ದೆ. ಚಳಿಗಾಲ ಮುಗಿಯುವ ಮುಂಚೆ ಹೋಗಿಬಿಟ್ಟಳು.

ಕಾರ್ಯ ಮುಗಿದ ದಿನ ಸಂಜೆ, ಬಂದವರೆಲ್ಲ ಹೊರಟ ಮೇಲೆ ಭಾವ ಬಾಲ್ಕನಿಗೆ ಬಂದು ನನ್ನ ಪಕ್ಕ ನಿಂತ. ಬೈಯುತ್ತಾನೆ ಎಂದುಕೊಂಡೆ. ನನಗೂ ಬೈಯುವುದಿತ್ತು. ಆ ಎಲೆ ತರಿಸದಿದ್ದರೆ ಅವಳು ಇರುತ್ತಿದ್ದಳು ಎಂದು ಹೇಳಲು ನಾಲಿಗೆ ತುರಿಸುತ್ತಿತ್ತು.

"ಕಷಾಯ ಕುಡಿಸಿದ್ದು ತಪ್ಪಾಯ್ತು, ಗೊತ್ತು ನನಗೆ," ಎಂದ. "ಆದ್ರೆ ಅದನ್ನ ಕುಡಿಯುವಾಗ ನಗ್ತಿದ್ಲು. ರಜೆಗೆ ಊರಿಗೆ ಹೋಗೋಣ ಅಂತಿದ್ಲು. ನೀನು ಕರ್ಕೊಂಡು ಹೋಗಿ ತೋರಿಸಿದ ಮೇಲೆ ಒಂದು ದಿನವಾದ್ರೂ ನಕ್ಕಿದ್ದು ನೋಡಿದ್ಯಾ?"

"ಇಂಜೆಕ್ಷನ್ ಇಲ್ಲದಿದ್ರೆ ದೀಪಾವಳಿಗೂ ಇರ್ತಿರಲಿಲ್ಲ ಭಾವ. ಅಷ್ಟು ತಿಂಗಳಾದ್ರೂ ಸಿಕ್ಕಿತಲ್ಲ."

"ಸಿಕ್ತು," ಎಂದ. "ಯಾರಿಗೆ ಸಿಕ್ತು?"

"ನನಗೆ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.