ಅಣ್ಣನ ಮಾತು, ತಮ್ಮನ ಬಾಯಿ

ಕಣ್ಣು ಮುಚ್ಚಿ ಕುಳಿತಿದ್ದ ತಮ್ಮನ ಬಾಯಿಂದ, ತೀರಿಕೊಂಡ ಅಣ್ಣನ ದನಿ ಬಂತು.

ತೊಂಬತ್ತರ ದಶಕದ ಮಾತು. ಮಸ್ಕಿಯ ಹತ್ತಿ ವ್ಯಾಪಾರಿಯೊಬ್ಬರ ವರ್ಷದ ಪುಣ್ಯತಿಥಿಗೆ ಅವರ ಜೀವನ ಚರಿತ್ರೆ ಬರೆದುಕೊಡಲು ಸಿಂಧನೂರಿನಿಂದ ಹೋಗಿದ್ದೆ. 'ಗಿರಾಕಿಯ ಸಂತೋಷವೇ ನನ್ನ ಲಾಭ' ಎಂದು ಅಪ್ಪ ಹೇಳುತ್ತಿದ್ದರೆಂದು ಹಿರಿಮಗ ಹಟ ಹಿಡಿದಿದ್ದರು. ಅಪ್ಪ ಹಾಗೆ ಮಾತಾಡುವವರೇ ಅಲ್ಲ ಎಂದು ಕಿರಿಮಗ. ಇದೇ ಜಗಳದಲ್ಲಿ ಇಬ್ಬರ ನಡುವೆ ಮಾತು ನಿಂತಿತ್ತು. ಅಂಗಡಿಯಲ್ಲಿ ಕೊನೆತನಕ ಅಣ್ಣನ ಜೊತೆಗಿದ್ದ ಅವರ ಕಾಕಾನನ್ನೇ, ಅಂದರೆ ವ್ಯಾಪಾರಿಯ ತಮ್ಮನನ್ನೇ, ಕೇಳೋಣವೆಂದೆ.

ಮಟಮಟ ಮಧ್ಯಾಹ್ನ. ಕಾಕಾ ಪಡಸಾಲೆಯಲ್ಲಿ ಕುಳಿತು, ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದರು. ಅವರದು ಕೀರಲು ದನಿ. ಈಗ ಬಂದದ್ದು ಮಾತ್ರ ಎದೆಯಾಳದಿಂದ ಎದ್ದ ಭಾರವಾದ ದನಿ: "ಗಿರಾಕಿ ನಕ್ಕೋಂತ ಹೋಗಬೇಕಲೇ ತಮ್ಮಾ. ದೀಪಾ ಹಚ್ಚು, ಕತ್ತಲಾತು."

ಮಕ್ಕಳಿಬ್ಬರೂ ದಡಕ್ಕನೆ ಎದ್ದು ನಿಂತರು. ಅಡುಗೆಮನೆಯಲ್ಲಿದ್ದ ಅವರ ತಾಯಿ ತಲೆ ಮೇಲೆ ಸೆರಗು ಎಳೆದುಕೊಂಡು ಲಗುಬಗೆಯಿಂದ ಹೊರಬಂದು, "ಕರದ್ರೇನ್ರೀ?" ಎಂದರು. ಗಂಡನ ಖಾಲಿ ಕುರ್ಚಿ ಕಂಡು ಅವರು ಗೋಡೆ ಹಿಡಿದು ಹಾಗೇ ಕುಸಿದು ಕುಳಿತರು.

ಕಾಕಾ ಕಣ್ಣು ಬಿಟ್ಟು, ತಮ್ಮ ಎಂದಿನ ದನಿಯಲ್ಲಿ, "ಯಾಕ ಹಿಂಗ ನೋಡಾಕತ್ತೀರಿ? ನಾ ಇನ್ನೂ ಏನೂ ಹೇಳೇ ಇಲ್ಲಲ್ಲ!" ಎಂದರು.

ಪುಸ್ತಕದಲ್ಲಿ ಗಿರಾಕಿ ನಕ್ಕೋಂತ ಹೋಗಬೇಕೆಂಬ ಮಾತನ್ನಷ್ಟೇ, ಕೇಳಿಸಿದ ಹಾಗೆಯೇ ಹಾಕಿದೆ. ಮಕ್ಕಳು ತಕರಾರು ಮಾಡಲಿಲ್ಲ. ಅಂದಿನಿಂದ, ತೀರಿಹೋದವರು 'ಹೀಗೆ ಹೇಳಿದ್ದರು' ಎಂದು ಬರೆಯಹೊರಟಾಗೆಲ್ಲ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಅವರು ಕೇಳಿಸಿಕೊಳ್ಳುತ್ತಿದ್ದಾರೇನೋ ಅನ್ನಿಸುತ್ತದೆ.