ಗೇಟು ಮುಚ್ಚುವವರೆಗೆ

ಬೆಳಕು ಹರಿಯುವ ಮುಂಚೆ ಸರ್ವಮಂಗಳ ಹಂಡೆ ಒಲೆಯ ಬೂದಿ ತೆಗೆದು ಬೆಂಕಿ ಹಾಕಬೇಕು. ಕೊಟ್ಟಿಗೆ ಬಾಚಿ ಹಾಲು ಕರೆಯಬೇಕು. ಅಂಗಳಕ್ಕೆ ನೀರು, ರಂಗೋಲಿ. ಗಂಡನ ಲಿಂಗಪೂಜೆಗೆ ಹೂವು, ಪತ್ರೆ, ವಿಭೂತಿ ಮಣೆಯ ಮುಂದೆ ಸಿದ್ಧವಿರಬೇಕು. ರೊಟ್ಟಿಗೆ ಅಕ್ಕಿಹಿಟ್ಟು ಬೆಂದಿರಬೇಕು. ಇಷ್ಟಾದ ಮೇಲೆ ನಂಜಪ್ಪ ಏಳುತ್ತಾನೆ.

ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಜೈಲಿನ ಒಂದು ಹಳೆಯ ಇಂಗ್ಲಿಷ್ ಪಿಚ್ಚರ್ ಹಿಂದಿಗೆ ಡಬ್ ಆಗಿ ಬಂತು. ಶುಂಠಿ ಲಾರಿಯ ಜೊತೆ ಉತ್ತರದ ಕಡೆ ತಿರುಗಿದ ನಂಜಪ್ಪನಿಗೆ ಹಿಂದಿ ನೀರು ಕುಡಿದ ಹಾಗೆ. ಜೈಲಿನಲ್ಲಿ ಅಡುಗೆ ಮಾಡುತ್ತಲೇ ಮುದುಕನಾದ ಕೈದಿಯೊಬ್ಬನ ಕತೆ. ಸರ್ವಮಂಗಳ ಕಣದಲ್ಲಿ ಒಣಹಾಕಿದ ಕಾಫಿ ಕೆದಕುವುದು, ಒಳಗೆ ಬಂದು ಒಂದಿಷ್ಟು ನೋಡುವುದು, ಮತ್ತೆ ಓಡುವುದು. ಕೊನೆಗೆ ಕೈದಿಯ ಬಿಡುಗಡೆಯ ದಿನ ಬಂದಾಗ ಹೊರಗೆ ಮೋಡ ಕವಿಯಿತು. ಅವಳು ಟಾರ್ಪಾಲು ಹೊದಿಸಿ ಬರುವಷ್ಟರಲ್ಲಿ ಜಾಹೀರಾತು ಬರುತ್ತಿತ್ತು.

"ಗೇಟಲ್ಲಿ ನಿಂತ್ಕಂಡು ಏನ್ ಭಾಷಣ ಹೊಡ್ದ ಗೊತ್ತೇನೇ! ಜೈಲಿಗ್ ಜೈಲೇ ಚಪ್ಪಾಳೆ," ಎಂದ ನಂಜಪ್ಪ.

ಮಡಿಕೇರಿಯ ಹಾಸ್ಟೆಲಿನಿಂದ ಬಂದಿದ್ದ ಮಗಳು ವಿನುತಾ ನಕ್ಕಳು. "ಅಪ್ಪಾ, ಅದು ಹಿಂದಿಯೋರು ಸೇರ್ಸಿದ್ದು. ಇಂಗ್ಲಿಷಲ್ಲಿ ಅವ್ನು ಅಲ್ಲಿ ಬಾಯೇ ಬಿಡಲ್ಲ."

"ಬಾಯೇ ಬಿಡ್ದಿದ್ರೆ ಅದೆಂಥಾ ಪಿಚ್ಚರ್ರು?"

"ಅಮ್ಮನ ತರದ್ದು."

"ಹೊರಗೆ ಹೋದ್ನಾ ಇಲ್ವಾ, ಅದನ್ನ ಹೇಳ್ರಪ್ಪಾ," ಎಂದಳು ಸರ್ವಮಂಗಳ.

"ಮೊದ್ಲು ಕಾಫಿ ತಾ."

ಮರುದಿನ ಬೆಳಿಗ್ಗೆ ವಿನುತಾ ಲ್ಯಾಪ್‌ಟಾಪನ್ನು ಕೋಣೆಯ ಮಂಚದ ಮೇಲಿಟ್ಟು, ಇಂಗ್ಲಿಷಿನಲ್ಲೇ ಆ ಕೊನೆಯ ಭಾಗ ಹಾಕಿಕೊಟ್ಟಳು. "ನಾನು ಸ್ನಾನ ಮಾಡಿ ಬರೋದ್ರೊಳಗೆ ನೋಡ್ಬಿಡಮ್ಮ. ಆಮೇಲೆ ಬಸ್ಸಿಗೆ ಹೊತ್ತಾಗ್ತದೆ."

ಒಲೆಯ ಮೇಲೆ ಹಾಲಿತ್ತು. ಸರ್ವಮಂಗಳ ಮಂಚದ ತುದಿಯಲ್ಲಿ ಕುಳಿತಳು.

ಭಾಷಣವಿಲ್ಲ, ಚಪ್ಪಾಳೆಯಿಲ್ಲ. ಗಾಳಿಯ ಸದ್ದು, ಮುದುಕನ ಉಸಿರು. ತೆರೆದ ಗೇಟಿನಾಚೆ ಖಾಲಿ ರಸ್ತೆ. ಹಿಂದಿನಿಂದ, ಜೈಲಿನ ಅಡುಗೆಮನೆಯ ಕಡೆಯಿಂದ, ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನ ಕತ್ತು ತಾನಾಗಿಯೇ ಹೊರಳಿತು. ಬೆನ್ನ ಹಿಂದೆ ಕೂಗು ಕೇಳಿದರೆ ಕತ್ತು ಹೊರಳುವುದು ಹೇಗೆಂದು ಅವಳಿಗೆ ಯಾವ ಭಾಷೆಯಲ್ಲೂ ಹೇಳಿಕೊಡಬೇಕಿರಲಿಲ್ಲ.

"ಮಂಗಳಾ, ಹಾಲು!"

ನಂಜಪ್ಪ ಕುಳಿತ ಜಾಗದಿಂದ ಒಲೆಗೆ ನಾಲ್ಕು ಹೆಜ್ಜೆಯೂ ಇರಲಿಲ್ಲ.

"ಏಯ್, ಉಕ್ತಾ ಅದೆ ಕಣೇ! ಕಿವಿ ಕೇಳಲ್ವಾ?"

ಪರದೆಯ ಮೇಲೆ ಮುದುಕ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟ. ಅದರಿಂದ ಅಡುಗೆಯ ಏಪ್ರನ್ ತೆಗೆದು, ದಾರ ಕಟ್ಟಿಕೊಳ್ಳುತ್ತ ಜೈಲಿನ ಒಳಕ್ಕೆ ನಡೆದ.

ಹಾಲು ಒಲೆಯ ಮೇಲೆ ಸುರಿದು ಚುರ್ರೆಂದಿತು. ಸೀದ ವಾಸನೆ ಕೋಣೆಯವರೆಗೂ ಬಂತು. ಆ ಒಲೆಯನ್ನು ಉಜ್ಜುವವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಗೇಟು ಪೂರ್ತಿ ಮುಚ್ಚುವವರೆಗೂ ಅವಳು ಏಳಲಿಲ್ಲ.